ಕೀ ಬದಲಿಸಬೇಕು, ಸ್ಕೋರ್ ತಿದ್ದಬೇಕು: ಯಾವ ನೊಟೇಶನ್ ಸಾಫ್ಟ್‌ವೇರ್ ನಿಮಗೆ ಸರಿ?

ನೊಟೇಶನ್ ಸಾಫ್ಟ್‌ವೇರ್, ಅಂದರೆ ಕಂಪ್ಯೂಟರ್‌ನಲ್ಲಿ ಸ್ವರಲಿಪಿಯ ಹಾಳೆ (ಸ್ಕೋರ್) ಬರೆಯುವ ತಂತ್ರಾಂಶ ಹುಡುಕುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: "ಇದರಲ್ಲಿ ಟ್ರಾನ್ಸ್‌ಪೋಸ್ ಮಾಡಬಹುದಾ?" ಅಂದರೆ ಬರೆದ ಹಾಡನ್ನು ಬೇರೆ ಕೀಗೆ (ಶ್ರುತಿಗೆ) ಸರಿಸಬಹುದಾ ಎಂದು. ಮಾಡಬಹುದು. ಉಚಿತವಾಗಿ ಸಿಗುವುದರಲ್ಲೂ ಆಗುತ್ತದೆ, ದುಬಾರಿಯದರಲ್ಲೂ ಆಗುತ್ತದೆ, ಬ್ರೌಸರ್‌ನಲ್ಲಿ ಓಡುವುದರಲ್ಲೂ ಆಗುತ್ತದೆ. ಹಾಗಾಗಿ ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ಆಯ್ಕೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಕೇಳಬೇಕಾದ್ದು ಬೇರೆ. ಬಟನ್ ಒತ್ತಿದ ಮೇಲೆ ಎಷ್ಟು ಹೊತ್ತು ತಿದ್ದುತ್ತಾ ಕೂರಬೇಕು? ಸ್ವರಗಳೇನೋ ಕ್ಷಣದಲ್ಲಿ ಜಾಗ ಬದಲಿಸುತ್ತವೆ. ಅವುಗಳ ಸುತ್ತ ಇರುವ ಸಾಹಿತ್ಯ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹೆಸರುಗಳು, ಬೆರಳು ಗುರುತುಗಳು, ಬೇರೆ ವಾದ್ಯಗಳ ಪಾರ್ಟ್‌ಗಳು (ಒಂದೊಂದು ವಾದ್ಯದವರಿಗೆ ಕೊಡುವ ಹಾಳೆ) ಇವೆಯಲ್ಲ, ಸಮಯ ತಿನ್ನುವುದು ಅವು. ಸಾಫ್ಟ್‌ವೇರ್‌ಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದೂ ಅಲ್ಲೇ.

ಬಟನ್ ಒತ್ತಿದ ಮೇಲೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಡು ಜಿ ಮೇಜರ್‌ನಲ್ಲಿದೆ. ಹಾಡುವವರಿಗೆ ಮೇಲಿನ ಸ್ವರ ಎಟುಕುತ್ತಿಲ್ಲ, ಕೆಳಗಿಳಿಸಬೇಕು. ಮೂರು ಅರ್ಧ ಸ್ವರ ಇಳಿಸಿದರೆ ಇ ಮೇಜರ್ ಬರುತ್ತದೆ, ನಾಲ್ಕು ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು). ನಾಲ್ಕು ಇಳಿಸಿದರೆ ಇ ಫ್ಲ್ಯಾಟ್ ಮೇಜರ್, ಮೂರು ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಗುರುತು). ಪಿಯಾನೊ ಒಂದೇ ಇದ್ದರೆ ಯಾವುದಾದರೂ ಸರಿ.

ಜೊತೆಗೆ ಬಿ ಫ್ಲ್ಯಾಟ್ ಕ್ಲ್ಯಾರಿನೆಟ್ ಇದೆ ಅಂದುಕೊಳ್ಳಿ. ಅದರ ಹಾಳೆಯಲ್ಲಿ ಬರೆದ ಸ್ವರ, ಕೇಳುವ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಮೇಲಿರುತ್ತದೆ. ಹಾಗಾಗಿ ಇ ಮೇಜರ್ ಹಾಡಿಗೆ ಕ್ಲ್ಯಾರಿನೆಟ್ ನುಡಿಸುವವರು ಎಫ್ ಶಾರ್ಪ್ ಮೇಜರ್ ಓದಬೇಕು, ಅಂದರೆ ಆರು ಶಾರ್ಪ್. ಇ ಫ್ಲ್ಯಾಟ್‌ಗೆ ಇಳಿಸಿದರೆ ಅವರು ಓದುವುದು ಎಫ್ ಮೇಜರ್, ಒಂದೇ ಒಂದು ಫ್ಲ್ಯಾಟ್. ಆಲ್ಟೊ ಸ್ಯಾಕ್ಸೊಫೋನ್ ಇದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ: ಮೊದಲನೆಯದಕ್ಕೆ ಸಿ ಶಾರ್ಪ್ ಮೇಜರ್, ಏಳು ಶಾರ್ಪ್. ಎರಡನೆಯದಕ್ಕೆ ಸಿ ಮೇಜರ್, ಏನೂ ಇಲ್ಲ. ಹಾಡುವವರಿಗೆ ಅರ್ಧ ಸ್ವರದ ವ್ಯತ್ಯಾಸ ಅಷ್ಟೇನೂ ಅನ್ನಿಸಲಿಕ್ಕಿಲ್ಲ. ಊದುವವರ ಕಷ್ಟ ಮಾತ್ರ ಪೂರ್ತಿ ಬದಲಾಗುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಇದನ್ನು ನಿಮ್ಮ ಬದಲು ನಿರ್ಧರಿಸುವುದಿಲ್ಲ. ಆದರೆ ಎರಡೂ ಪಾರ್ಟ್‌ಗಳನ್ನು ಕೂಡಲೇ ತೆರೆದು ತೋರಿಸುತ್ತದೆ, ಇಷ್ಟವಾಗದಿದ್ದರೆ ಒಂದು ಅನ್‌ಡೂನಲ್ಲಿ ಹಿಂದಕ್ಕೆ ಬಿಡುತ್ತದೆ.

ಇನ್ನು ಸ್ವರದ ಹೆಸರಿನ ವಿಷಯ. ಸಿ ಶಾರ್ಪ್ ಮತ್ತು ಡಿ ಫ್ಲ್ಯಾಟ್ ಪಿಯಾನೊದಲ್ಲಿ ಒಂದೇ ಮನೆ. ಹಾಳೆಯ ಮೇಲೆ ಬೇರೆ ಬೇರೆ. ಜಿ ಮೇಜರ್ ಹಾಡಿನಲ್ಲಿ ನಾಲ್ಕನೇ ಸ್ವರವನ್ನು ಏರಿಸಿ ಸಿ ಶಾರ್ಪ್ ಮಾಡಿದ್ದರೆ, ಇ ಫ್ಲ್ಯಾಟ್‌ಗೆ ಹೋದಾಗ ಅದು ಎ ನ್ಯಾಚುರಲ್ (ಏರಿಸದ, ಇಳಿಸದ ಎ) ಆಗಬೇಕು. ಶಾರ್ಪ್ ಇದ್ದ ಜಾಗದಲ್ಲಿ ನ್ಯಾಚುರಲ್. ಇಂಟರ್ವಲ್ (ಸ್ವರದ ಹೆಸರನ್ನೂ ಲೆಕ್ಕಕ್ಕೆ ಹಿಡಿದ ಅಂತರ) ನೋಡಿ ಟ್ರಾನ್ಸ್‌ಪೋಸ್ ಮಾಡುವ ಸಾಫ್ಟ್‌ವೇರ್ ಇದನ್ನು ಸರಿಯಾಗಿ ಬರೆಯುತ್ತದೆ. ಬರೀ ಅರ್ಧ ಸ್ವರಗಳನ್ನು ಎಣಿಸಿ ಸರಿಸಿದರೆ, ಓದುವಾಗ ಕಣ್ಣು ಎಡವುವಂಥ ವಿಚಿತ್ರ ಹೆಸರುಗಳು ಅಲ್ಲಲ್ಲಿ ಉಳಿದುಬಿಡುತ್ತವೆ. ಕೇಳಿದರೆ ತಪ್ಪು ಗೊತ್ತಾಗುವುದಿಲ್ಲ, ಹಾಗಾಗಿ ಪ್ಲೇಬ್ಯಾಕ್ ಕೇಳಿ ಸರಿಯಿದೆ ಅಂತ ಬಿಟ್ಟುಬಿಡಬೇಡಿ. ಕಣ್ಣಿನಿಂದ ನೋಡಿ.

ಕಾರ್ಡ್ ಹೆಸರುಗಳು ಇನ್ನೊಂದು ತಲೆನೋವು. ಅವನ್ನು ಕಾರ್ಡ್ ಸಿಂಬಲ್ ಆಗಿಯೇ ಬರೆದಿದ್ದರೆ ಸ್ವರಗಳ ಜೊತೆ ಅವೂ ಬದಲಾಗುತ್ತವೆ. ಸುಮ್ನೆ ಟೆಕ್ಸ್ಟ್ ಎಂದು ಟೈಪ್ ಮಾಡಿದ್ದರೆ ಸಾಫ್ಟ್‌ವೇರ್‌ಗೆ ಅದು ಅಕ್ಷರ ಮಾತ್ರ. ಹಾಡು ಇ ಫ್ಲ್ಯಾಟ್‌ಗೆ ಹೋಗಿರುತ್ತದೆ, ಮೇಲಿನ ಜಿ ಕಾರ್ಡ್ ಹಾಗೇ ಕೂತಿರುತ್ತದೆ. "ಕೇಪೊ 3" (ಗಿಟಾರ್‌ನ ಮೂರನೇ ಮನೆಗೆ ಪಟ್ಟಿ ಬಿಗಿಯಿರಿ) ಎಂಬಂಥ ಸೂಚನೆಗಳದ್ದೂ ಇದೇ ಕಥೆ. ಬೆರಳು ಗುರುತುಗಳನ್ನಂತೂ ಸಾಫ್ಟ್‌ವೇರ್ ಹೊಸ ಕೀಗೆ ಹೊಂದಿಸಿಕೊಡುವುದಿಲ್ಲ. ಹೊಸ ಕೀಯಲ್ಲಿ ಹಳೆಯ ಬೆರಳು ಹೊಂದುವುದು ಅಪರೂಪ, ಅಳಿಸಿ ಹೊಸದಾಗಿ ಬರೆಯುವುದೇ ಸರಿ. ವಯಲಿನ್‌ನಲ್ಲಿ ಖಾಲಿ ತಂತಿಯನ್ನು ನೆಚ್ಚಿಕೊಂಡು ಬರೆದ ಜೋಡಿ ಸ್ವರಗಳು ಹೊಸ ಕೀಯಲ್ಲಿ ನುಡಿಸಲು ಆಗದೇ ಹೋಗಬಹುದು. ಇದನ್ನು ಮನುಷ್ಯರೇ ಹಿಡಿಯಬೇಕು.

ಎರಡು ಬಗೆಯ ಸರಿಸುವಿಕೆ

ಹಲವು ಸಾಫ್ಟ್‌ವೇರ್‌ಗಳಲ್ಲಿ ಟ್ರಾನ್ಸ್‌ಪೋಸ್ ಡಬ್ಬಿ ತೆರೆದರೆ ಕ್ರೊಮ್ಯಾಟಿಕ್ ಮತ್ತು ಡಯಾಟೋನಿಕ್ ಎಂಬ ಎರಡು ದಾರಿ ಕಾಣುತ್ತವೆ. ಇವೆರಡನ್ನು ಬೆರೆಸಿಕೊಂಡರೆ ಹಾಡೇ ಬದಲಾಗುತ್ತದೆ. ಕ್ರೊಮ್ಯಾಟಿಕ್ ಎಂದರೆ ಶ್ರುತಿ ಬದಲಿಸಿದಂತೆ: ಎಲ್ಲ ಸ್ವರಗಳೂ ಒಂದೇ ದೂರ ಸರಿಯುತ್ತವೆ, ರಾಗ ಅದೇ ಇರುತ್ತದೆ. ಡಯಾಟೋನಿಕ್‌ನಲ್ಲಿ ಸ್ವರಗಳು ಇದ್ದ ಸ್ಕೇಲ್‌ನೊಳಗೇ ಒಂದೊಂದು ಮೆಟ್ಟಿಲು ಸರಿಯುತ್ತವೆ. ಸಿ ಮೇಜರ್‌ನ ಸಿ, ಇ, ಜಿ ಒಂದು ಮೆಟ್ಟಿಲು ಏರಿದರೆ ಡಿ, ಎಫ್, ಎ ಆಗುತ್ತದೆ. ಮೇಜರ್ ಕಾರ್ಡ್ ಮೈನರ್ ಆಯಿತು. ಗ್ರಹಭೇದ ಗೊತ್ತಿರುವವರಿಗೆ ಇದು ಕೂಡಲೇ ಹೊಳೆಯುತ್ತದೆ: ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ ಬರುವ ಲೆಕ್ಕವೇ ಇಲ್ಲೂ ಇರುವುದು.

ಹಾಡುವವರಿಗೆ ಅನುಕೂಲವಾಗಲಿ ಎಂದು ಕೀ ಬದಲಿಸುವುದಾದರೆ ಬೇಕಿರುವುದು ಕ್ರೊಮ್ಯಾಟಿಕ್. ಒಂದು ಸಾಲಿಗೆ ಮೂರನೇ ಸ್ವರದ ಹಾರ್ಮನಿ ಬರೆಯಲು, ಸಣ್ಣ ತುಣುಕನ್ನು ಅದೇ ಕೀಯಲ್ಲಿ ಬೇರೆ ಸ್ವರದಿಂದ ಮತ್ತೆ ಹೇಳಲು ಡಯಾಟೋನಿಕ್.

ಬಾಣದ ಗುಂಡಿಗಳಲ್ಲೂ ಇದೇ ವ್ಯತ್ಯಾಸ ಅಡಗಿದೆ. ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮೇಲಿನ ಬಾಣ ಒತ್ತಿದರೆ ಸ್ವರ ಅರ್ಧ ಸ್ವರ ಏರುತ್ತದೆ. ಸಿಬೇಲಿಯಸ್‌ನಲ್ಲಿ ಅದೇ ಬಾಣ ಸ್ಕೇಲ್‌ನ ಮುಂದಿನ ಸ್ವರಕ್ಕೆ ಒಯ್ಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬಂದವರ ಬೆರಳುಗಳು ಕೆಲ ದಿನ ಗೊಂದಲಪಡುತ್ತವೆ.

ಮ್ಯೂಸ್‌ಸ್ಕೋರ್: ಮೊದಲು ಇಲ್ಲಿಂದ

ಬಹಳ ಜನರಿಗೆ ನನ್ನ ಸಲಹೆ ಇದೇ. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಈಗ ಇದರ ಪೂರ್ತಿ ಹೆಸರು ಮ್ಯೂಸ್‌ಸ್ಕೋರ್ ಸ್ಟುಡಿಯೊ. ಸ್ಕೋರ್ ಹಂಚುವ ಮ್ಯೂಸ್‌ಸ್ಕೋರ್ ಡಾಟ್ ಕಾಮ್ ಜಾಲತಾಣ ಬೇರೆ, ಅಲ್ಲಿ ಚಂದಾ ಕೇಳುತ್ತಾರೆ. ಅದನ್ನು ನೋಡಿ "ಉಚಿತ ಅಂದಿದ್ರಲ್ಲ" ಎಂದು ವಾಪಸಾಗುವವರು ಇದ್ದಾರೆ. ಬರೆಯುವ ಸಾಫ್ಟ್‌ವೇರ್‌ಗೆ ಹಣ ಕೊಡಬೇಕಿಲ್ಲ.

ಟ್ರಾನ್ಸ್‌ಪೋಸ್ ಡಬ್ಬಿಯಲ್ಲಿ ಕೀ ಹೆಸರು ಹೇಳಬಹುದು, ಇಂಟರ್ವಲ್ ಹೇಳಬಹುದು, ಡಯಾಟೋನಿಕ್ ಆರಿಸಬಹುದು. ಕೀ ಸಿಗ್ನೇಚರ್ (ಸಾಲಿನ ಆರಂಭದ ಶಾರ್ಪ್, ಫ್ಲ್ಯಾಟ್ ಗುರುತುಗಳು) ಮತ್ತು ಕಾರ್ಡ್ ಸಿಂಬಲ್‌ಗಳೂ ಜೊತೆಗೆ ಬದಲಾಗಬೇಕಾ ಎಂದು ಕೇಳುತ್ತದೆ. ಸ್ವರದ ಹೆಸರು ಸರಿ ಕಾಣದಿದ್ದರೆ ಅದನ್ನು ಆರಿಸಿ ಜೆ ಗುಂಡಿ ಒತ್ತಿದರೆ ಸಿ ಶಾರ್ಪ್ ಇದ್ದದ್ದು ಡಿ ಫ್ಲ್ಯಾಟ್ ಆಗುತ್ತದೆ. ವಾದ್ಯದ ವ್ಯಾಪ್ತಿ ಮೀರಿದ ಸ್ವರಗಳಿಗೆ ಬಣ್ಣ ಬರುತ್ತದೆ: ಹವ್ಯಾಸಿಗಳಿಗೆ ಕಷ್ಟವಾಗುವುದಕ್ಕೆ ಕಂದು ಹಳದಿ, ವೃತ್ತಿಯವರಿಗೂ ಆಗದ್ದಕ್ಕೆ ಕೆಂಪು. ಕೆಳಗಿಳಿಸಿದ ಮೇಲೆ ಫ್ಲೂಟ್ ಅಥವಾ ವಯಲಿನ್ ಸಾಲು ಕೆಂಪಾಗಿದ್ದರೆ ಅಷ್ಟನ್ನು ಒಂದು ಆಕ್ಟೇವ್ ಮೇಲೆ ಕಳಿಸುವ ಯೋಚನೆ ಮಾಡಿ. ಕಂಟ್ರೋಲ್ ಹಿಡಿದು ಬಾಣ ಒತ್ತಿದರೆ ಸಾಕು.

2022ರ ಡಿಸೆಂಬರ್‌ನಲ್ಲಿ ಬಂದ 4ನೇ ಆವೃತ್ತಿಯಿಂದ ಪುಟದ ಅಂದವೂ ಧ್ವನಿಯೂ ಬಹಳ ಸುಧಾರಿಸಿವೆ. ಒಂದು ಎಚ್ಚರಿಕೆ: ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. ತಂಡದಲ್ಲಿ ಒಬ್ಬರು 3ರಲ್ಲಿ, ಇನ್ನೊಬ್ಬರು 4ರಲ್ಲಿ ಕೂತರೆ ಫೈಲ್ ಓಡಾಟ ನಿಂತುಹೋಗುತ್ತದೆ.

ಕೊರತೆ ಎಲ್ಲಿ? ದೊಡ್ಡ ತಿದ್ದುವಿಕೆಯಲ್ಲಿ. ಹಾಡಿನ ನಡುವೆ ತಾಳದ ಲೆಕ್ಕ ಬದಲಿಸಬೇಕು ಎಂದಾದಾಗ ಬಾರ್‌ಗಳನ್ನು (ತಾಳದ ಪ್ರಕಾರ ಗೆರೆ ಎಳೆದು ಮಾಡಿದ ಭಾಗಗಳು) ಹೊಸದಾಗಿ ಜೋಡಿಸಿಕೊಡುತ್ತದೆ. ಆದರೆ ಟ್ರಿಪ್ಲೆಟ್‌ನಂಥ (ಎರಡರ ಕಾಲದಲ್ಲಿ ಮೂರು ಸ್ವರ) ಗುಂಪು ಹೊಸ ಬಾರ್ ಗೆರೆಯ ಮೇಲೆ ಬಿದ್ದರೆ ಆಗುವುದಿಲ್ಲ ಎಂದು ಕೈ ಚೆಲ್ಲುತ್ತದೆ. ಹೆಚ್ಚಿನ ಹಾಡುಗಳಿಗೆ ಇದು ತೊಂದರೆಯೇ ಅಲ್ಲ.

ಡೊರಿಕೊ: ತಿದ್ದುವುದೇ ಕೆಲಸವಾದವರಿಗೆ

ಇದರ ಹುಟ್ಟಿನ ಕಥೆ ಸ್ವಲ್ಪ ಹೇಳಬೇಕು. ಸಿಬೇಲಿಯಸ್ ಕಟ್ಟುತ್ತಿದ್ದ ಲಂಡನ್ ಕಚೇರಿಯನ್ನು ಆವಿಡ್ ಕಂಪನಿ 2012ರಲ್ಲಿ ಮುಚ್ಚಿತು. ಆ ತಂಡದ ಹಲವರು ಸ್ಟೈನ್‌ಬರ್ಗ್ ಕಂಪನಿ ಸೇರಿ ಮೊದಲಿನಿಂದ ಹೊಸದೊಂದನ್ನು ಬರೆದರು. ಅದೇ 2016ರಲ್ಲಿ ಡೊರಿಕೊ ಆಗಿ ಬಂತು. ಹಳೆಯ ಸಾಫ್ಟ್‌ವೇರ್‌ನ ಕಷ್ಟಗಳನ್ನು ಒಳಗಿನಿಂದ ಬಲ್ಲವರು ಮಾಡಿದ್ದು ಎಂಬುದು ಬಳಸುವಾಗ ಗೊತ್ತಾಗುತ್ತದೆ.

ಡೊರಿಕೊ ಬಾರ್‌ಗಳನ್ನು ಡಬ್ಬಿಗಳ ಹಾಗೆ ನೋಡುವುದಿಲ್ಲ. ಸ್ವರಕ್ಕೆ ಒಂದು ಕಾಲಾವಧಿ ಇರುತ್ತದೆ. ಬಾರ್ ಗೆರೆ ಎಲ್ಲಿ ಬೀಳುತ್ತದೋ ಅದಕ್ಕೆ ತಕ್ಕಂತೆ ಅದನ್ನು ಒಡೆದು ಟೈ (ತುಂಡುಗಳನ್ನು ಒಂದೇ ಸ್ವರವಾಗಿ ಬೆಸೆಯುವ ಗೆರೆ) ಹಾಕಿ ತೋರಿಸುವುದು ಸಾಫ್ಟ್‌ವೇರ್ ಕೆಲಸ. ಇನ್ಸರ್ಟ್ ಮೋಡ್ ಆನ್ ಮಾಡಿ ನಡುವೆ ಒಂದು ಬೀಟ್ ಸೇರಿಸಿದರೆ ಮುಂದಿನದೆಲ್ಲ ತಾನೇ ಸರಿದು, ಹೊಸ ಬಾರ್‌ಗಳಲ್ಲಿ ಸರಿಯಾಗಿ ಕೂರುತ್ತದೆ. ಬರೆದ ಮೇಲೆ ಪದೇ ಪದೇ ಮನಸ್ಸು ಬದಲಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಟ್ರಾನ್ಸ್‌ಪೋಸ್ ವಿಷಯದಲ್ಲೂ ಒಂದು ಅನುಕೂಲ ನನಗೆ ಬಹಳ ಹಿಡಿಸುತ್ತದೆ. ಡಬ್ಬಿಯಲ್ಲೇ ಇಂಟರ್ವಲ್ ಲೆಕ್ಕ ಹಾಕುವ ಜಾಗ ಇದೆ. ಜಿಯಿಂದ ಇ ಫ್ಲ್ಯಾಟ್‌ಗೆ ಎಂದು ಹೇಳಿದರೆ ಅದು ಎಷ್ಟು ದೂರ ಎಂದು ತಾನೇ ತುಂಬಿಕೊಳ್ಳುತ್ತದೆ. ಮೇಜರ್ ಥರ್ಡಾ ಮೈನರ್ ಥರ್ಡಾ ಎಂದು ಬೆರಳು ಮಡಿಸಿ ಎಣಿಸಬೇಕಿಲ್ಲ. ಪೂರ್ಣ ಸ್ಕೋರ್ ಕೇಳುವ ಸ್ವರದಲ್ಲಿ, ಪ್ರತಿ ಪಾರ್ಟ್ ಓದುವ ಸ್ವರದಲ್ಲಿ, ಎರಡೂ ಒಟ್ಟಿಗೆ ಇರುತ್ತವೆ. ಪಾರ್ಟ್‌ನಲ್ಲಿ ಒಂದು ಸ್ವರದ ಹೆಸರು ಬದಲಿಸಿದರೆ ಪೂರ್ಣ ಸ್ಕೋರ್ ಕೆಡುವುದಿಲ್ಲ. ಕ್ಲ್ಯಾರಿನೆಟ್ ಓದುವವರಿಗೆ ಯಾವ ಹೆಸರು ಸುಲಭ, ಸ್ಕೋರ್ ಓದುವವರಿಗೆ ಯಾವುದು ಸುಲಭ, ಎರಡನ್ನೂ ಉಳಿಸಿಕೊಳ್ಳಬಹುದು.

ಹಲವು ಹಾಡುಗಳ ಪುಸ್ತಕ ಮಾಡುವವರಿಗೆ ಇನ್ನೊಂದು ಲಾಭ: ಒಂದೇ ಫೈಲಿನಲ್ಲಿ ಬೇರೆ ಬೇರೆ ಹಾಡುಗಳನ್ನು ಫ್ಲೋಗಳಾಗಿ ಇಡಬಹುದು. ಒಂದರ ಕೀ ಬದಲಿಸಿದರೆ ಉಳಿದವಕ್ಕೆ ಏನೂ ಆಗುವುದಿಲ್ಲ.

ಎಸ್‌ಇ, ಎಲಿಮೆಂಟ್ಸ್, ಪ್ರೊ ಎಂಬ ಮೂರು ಮಟ್ಟಗಳಿವೆ. ಎಸ್‌ಇ ಉಚಿತ, ವಾದ್ಯಗಾರರ ಸಂಖ್ಯೆಗೆ ಮಿತಿ ಇದೆ. ದೊಡ್ಡದಕ್ಕೆ ಒಮ್ಮೆ ಹಣ ಕೊಟ್ಟರೆ ಆಯಿತು, ಮುಂದಿನ ದೊಡ್ಡ ಆವೃತ್ತಿ ಬೇಕೆಂದಾಗ ಮತ್ತೆ ಕೊಡಬೇಕು. ಕಲಿಯಲು ಹೊತ್ತು ಹಿಡಿಯುತ್ತದೆ. ಬೇರೆ ಸಾಫ್ಟ್‌ವೇರ್‌ನ ಅಭ್ಯಾಸ ಗಟ್ಟಿಯಾಗಿದ್ದವರಿಗೆ ಇನ್ನೂ ಜಾಸ್ತಿ, ಏಕೆಂದರೆ ಎಲ್ಲವೂ ಬೇರೆ ಕ್ರಮದಲ್ಲಿದೆ. ಲಿನಕ್ಸ್‌ಗೆ ಇಲ್ಲ.

ಸಿಬೇಲಿಯಸ್: ಸುತ್ತಲಿನವರು ಬಳಸುತ್ತಿದ್ದರೆ

1993ರಿಂದ ಇದೆ. ಶಾಲೆ, ಸಿನಿಮಾ ಸಂಗೀತ, ಪ್ರಕಾಶನ, ಎಲ್ಲ ಕಡೆ ಬೇರೂರಿದೆ. 2005ರಲ್ಲಿ ಬಂದ ಡೈನಮಿಕ್ ಪಾರ್ಟ್ಸ್‌ನಿಂದ ಸ್ಕೋರ್‌ನಲ್ಲಿ ತಿದ್ದಿದ್ದು ಪಾರ್ಟ್‌ಗಳಲ್ಲೂ ತಾನೇ ತಿದ್ದಿಕೊಳ್ಳತೊಡಗಿತು. ಟ್ರಾನ್ಸ್‌ಪೋಸ್ ಮಾಡಿದ ಮೇಲೆ ಒಂದರ ಮೇಲೊಂದು ಬೀಳುವ ಗುರುತುಗಳನ್ನು ಬಿಡಿಸಿ ಕೂರಿಸುವ ಕೆಲಸವೂ 2009ರಿಂದ ತಾನಾಗಿಯೇ ನಡೆಯುತ್ತದೆ. ಶಿಫ್ಟ್ ಮತ್ತು ಟಿ ಒತ್ತಿದರೆ ಟ್ರಾನ್ಸ್‌ಪೋಸ್ ಡಬ್ಬಿ. ಕೇಳುವ ಸ್ವರ, ಓದುವ ಸ್ವರ ಬದಲಿಸಲು ಒಂದೇ ಬಟನ್.

ಹೊಸದಾಗಿ ಆರಂಭಿಸುವವರಿಗೆ ನಾನು ಇದನ್ನು ಮೊದಲ ಆಯ್ಕೆ ಎನ್ನುವುದಿಲ್ಲ. ಸುತ್ತಲಿನವರೆಲ್ಲ ಸಿಬೇಲಿಯಸ್ ಫೈಲ್‌ಗಳನ್ನೇ ಕಳಿಸುತ್ತಿದ್ದರೆ ಮಾತ್ರ ಬೇರೆ ಯೋಚನೆ ಬೇಡ, ಇದನ್ನೇ ಹಿಡಿಯಿರಿ. ಸಿಬೇಲಿಯಸ್ ಫೈಲನ್ನು ಡೊರಿಕೊ ನೇರವಾಗಿ ತೆರೆಯುವುದಿಲ್ಲ, ಪ್ರತಿ ಸಲ ನಡುವೆ ಪರಿವರ್ತನೆ ಮಾಡುತ್ತಾ ಕೂರುವುದು ಯಾರಿಗೆ ಬೇಕು? ಸಿಬೇಲಿಯಸ್ ಫಸ್ಟ್ ಎಂಬ ಉಚಿತ ರೂಪದಲ್ಲಿ ನಾಲ್ಕು ವಾದ್ಯಗಳವರೆಗೆ ಬರೆಯಬಹುದು.

ಲಿಲಿಪಾಂಡ್, ಬ್ರೌಸರ್ ಸಾಫ್ಟ್‌ವೇರ್‌ಗಳು

ಲಿಲಿಪಾಂಡ್ ಪೂರ್ತಿ ಬೇರೆ ಜಾತಿ. ಇಲ್ಲಿ ಮೌಸ್ ಹಿಡಿದು ಸ್ವರ ಇಡುವುದಿಲ್ಲ, ಅಕ್ಷರಗಳಲ್ಲಿ ಟೈಪ್ ಮಾಡುತ್ತೀರಿ, ಅದು ಪುಟವನ್ನು ಕೆತ್ತಿಕೊಡುತ್ತದೆ. ಟ್ರಾನ್ಸ್‌ಪೋಸ್ ಎಂಬ ಆಜ್ಞೆಯ ಮುಂದೆ ಎರಡು ಸ್ವರಗಳ ಹೆಸರು ಬರೆದರೆ ಸಾಕು, ಎಲ್ಲಿಂದ ಎಲ್ಲಿಗೆ ಎಂದು. ಎರಡನೆಯದಕ್ಕೆ ಇ ಫ್ಲ್ಯಾಟ್ ಎಂದರೆ ಫ್ಲ್ಯಾಟ್‌ಗಳಲ್ಲಿ, ಡಿ ಶಾರ್ಪ್ ಎಂದರೆ ಶಾರ್ಪ್‌ಗಳಲ್ಲಿ ಬರೆಯುತ್ತದೆ. ಹೇಳಿದ್ದನ್ನು ಮಾಡುತ್ತದೆ, ಊಹೆ ಮಾಡುವುದಿಲ್ಲ. ಮೂಲ ಸ್ವರಗಳು ಒಂದೇ ಕಡೆ ಇರುತ್ತವೆ. ಅದರಿಂದಲೇ ಐದು ಕೀಗಳಲ್ಲಿ ಐದು ಹಾಳೆ ತೆಗೆಯಬಹುದು. ನಾಳೆ ಒಂದು ತಪ್ಪು ಸಿಕ್ಕರೆ ಒಂದು ಕಡೆ ತಿದ್ದಿದರೆ ಐದೂ ಸರಿಯಾಗುತ್ತವೆ. ಬೇರೆಯವುಗಳಲ್ಲಿ ಟ್ರಾನ್ಸ್‌ಪೋಸ್ ಮಾಡಿ ಪ್ರತಿ ಉಳಿಸಿಕೊಂಡರೆ ಐದು ಫೈಲ್, ಐದು ಸಲ ತಿದ್ದುವಿಕೆ. ಒಂದೇ ಹಾಡನ್ನು ಹಲವು ಕೀಗಳಲ್ಲಿ ಇಡಬೇಕಾದವರು ಟೈಪಿಂಗ್‌ಗೆ ಹೆದರದಿದ್ದರೆ ಇದನ್ನು ನೋಡಲೇಬೇಕು. ಕೇಳಿ ನೋಡುತ್ತಾ, ಎಳೆದು ಸರಿಸುತ್ತಾ ಬರೆಯುವ ಅಭ್ಯಾಸದವರಿಗೆ ಆಗಿಬರುವುದಿಲ್ಲ.

ಬ್ರೌಸರ್‌ನಲ್ಲಿ ಓಡುವ ನೋಟ್‌ಫ್ಲೈಟ್ ಮತ್ತು ಫ್ಲ್ಯಾಟ್ ಡಾಟ್ ಐಒ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್‌ಸ್ಟಾಲ್ ಬೇಡ, ಲಿಂಕ್ ಕಳಿಸಿದರೆ ಇನ್ನೊಬ್ಬರೂ ನೋಡುತ್ತಾರೆ. ಫ್ಲ್ಯಾಟ್‌ನಲ್ಲಿ ಇಬ್ಬರು ಒಂದೇ ಹೊತ್ತಿಗೆ ಒಂದೇ ಸ್ಕೋರ್ ತಿದ್ದಬಹುದು. ಉಚಿತ ಖಾತೆಯಲ್ಲಿ ಇಡಬಹುದಾದ ಸ್ಕೋರ್‌ಗಳಿಗೆ ಮಿತಿ ಇರುತ್ತದೆ. ಒಂದು ಪುಟದ ಹಾಡು, ತರಗತಿಯ ಮನೆಪಾಠಕ್ಕೆ ಸರಿ. ಹತ್ತು ವಾದ್ಯಗಳ ಪಾರ್ಟ್ ಮುದ್ರಿಸಬೇಕಾದರೆ ಡೆಸ್ಕ್‌ಟಾಪ್‌ಗೆ ಬನ್ನಿ.

ಯಾವುದೇ ಆಗಲಿ, ಈ ತಪ್ಪು ಬೇಡ

ಕ್ಲ್ಯಾರಿನೆಟ್‌ಗೆ ಪಾರ್ಟ್ ಬೇಕೆಂದಾಗ ಆ ಸಾಲನ್ನು ಆರಿಸಿ ಕೈಯಾರೆ ಒಂದು ಸ್ವರ ಏರಿಸುವವರು ತುಂಬಾ. ಅದು ಬೇಡ. ಆ ಸ್ಟಾಫ್‌ನ (ಐದು ಗೆರೆಗಳ ಸಾಲಿನ) ವಾದ್ಯವನ್ನು ಬಿ ಫ್ಲ್ಯಾಟ್ ಕ್ಲ್ಯಾರಿನೆಟ್ ಎಂದು ಬದಲಿಸಿ. ಓದುವ ಸ್ವರವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಕೈಯಾರೆ ಏರಿಸಿ, ಆಮೇಲೆ ವಾದ್ಯವನ್ನೂ ಬದಲಿಸಿದರೆ ಎರಡು ಸಲ ಏರಿದಂತಾಗಿ ಪ್ಲೇಬ್ಯಾಕ್ ಅಪಸ್ವರವಾಗುತ್ತದೆ. ಕೆಲಸ ಶುರು ಮಾಡುವ ಮೊದಲು ಪರದೆ ಈಗ ಕೇಳುವ ಸ್ವರ ತೋರಿಸುತ್ತಿದೆಯೋ ಓದುವ ಸ್ವರವೋ ಎಂದು ನೋಡಿಕೊಳ್ಳಿ. ಮ್ಯೂಸ್‌ಸ್ಕೋರ್‌ನಲ್ಲಿ ಅದು ಕಾನ್ಸರ್ಟ್ ಪಿಚ್ ಎಂಬ ಬಟನ್, ಕೆಳಗಿನ ಪಟ್ಟಿಯಲ್ಲೇ ಇದೆ.

ನಿರ್ಧರಿಸಲು ಆಗುತ್ತಿಲ್ಲವಾದರೆ ನಿಮ್ಮದೇ ಒಂದು ಹಾಡಿನ ಹದಿನಾರು ಬಾರ್ ತೆಗೆದುಕೊಳ್ಳಿ. ಸಾಹಿತ್ಯ, ಕಾರ್ಡ್ ಸಿಂಬಲ್, ಕ್ಲ್ಯಾರಿನೆಟ್ ಸಾಲು, ಕೀಗೆ ಹೊರಗಿನ ಒಂದೆರಡು ಸ್ವರ ಇರಲಿ. ಎರಡು ಸಾಫ್ಟ್‌ವೇರ್‌ನಲ್ಲಿ ಬರೆದು, ಕೀ ಬದಲಿಸಿ, ಪಾರ್ಟ್ ಮುದ್ರಿಸಿ. ಯಾವುದರಲ್ಲಿ ಕಡಿಮೆ ತಿದ್ದಬೇಕಾಯಿತೋ ಅದೇ ನಿಮ್ಮದು. ಜಾಹೀರಾತಿನ ಪಟ್ಟಿ ಓದುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಸಂಗೀತ ಯಾವ ರೂಪದಲ್ಲಿ ಕೈಗೆ ಬಂದಿದೆ?

ಇದನ್ನು ಮೊದಲೇ ಯೋಚಿಸುವವರು ಕಡಿಮೆ. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸ್ಕೋರ್ ಒಯ್ಯಲು ಬಳಸುವ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ ಸಿಕ್ಕಿದ್ದರೆ ನಿಮ್ಮ ಅದೃಷ್ಟ. 2004ರಿಂದ ಇರುವ ಈ ರೂಪವನ್ನು ಇಲ್ಲಿ ಹೇಳಿದ ಎಲ್ಲ ಸಾಫ್ಟ್‌ವೇರ್‌ಗಳೂ ಒಂದಲ್ಲ ಒಂದು ರೀತಿ ಓದುತ್ತವೆ. ಸ್ವರ, ಅದರ ಹೆಸರು, ಸಾಹಿತ್ಯ, ಕಾರ್ಡ್ ಎಲ್ಲ ಬರುತ್ತದೆ. ಪುಟದ ಅಂದ ಪೂರ್ತಿ ಬರುವುದಿಲ್ಲ.

ಮಿಡಿ ಫೈಲ್ ಆದರೆ ಕಷ್ಟ. ಅದರಲ್ಲಿ ಮುಖ್ಯವಾಗಿ ಇರುವುದು ಯಾವ ಗುಂಡಿ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟಿದ್ದು ಎಂಬುದು. ನಡು ಸಿಯ ಸಂಖ್ಯೆ 60. ಅದರ ಮೇಲಿನ 61 ಸಿ ಶಾರ್ಪ್ ಆಗಿರಬಹುದು, ಡಿ ಫ್ಲ್ಯಾಟ್ ಆಗಿರಬಹುದು, ಫೈಲಿಗೆ ಗೊತ್ತಿಲ್ಲ. ಸ್ಲರ್ (ಸ್ವರಗಳನ್ನು ಬೆಸೆದು ನುಡಿಸಿ ಎನ್ನುವ ಗೆರೆ) ಇಲ್ಲ. ಮನುಷ್ಯರು ನುಡಿಸಿ ರೆಕಾರ್ಡ್ ಮಾಡಿದ್ದರೆ ತೆರೆದ ಕೂಡಲೇ ಚೂರುಚೂರು ಸ್ವರಗಳೂ ವಿರಾಮಗಳೂ ಪುಟ ತುಂಬುತ್ತವೆ. ಸಣ್ಣ ಹಾಡಾದರೆ ಕೇಳಿಕೊಂಡು ಹೊಸದಾಗಿ ಬರೆಯುವುದೇ ಲೇಸು.

ಪಿಡಿಎಫ್ ಅಥವಾ ಹಾಳೆಯಾದರೆ ಅದನ್ನು ಓದುವ ಬೇರೆ ಸಾಫ್ಟ್‌ವೇರ್ ಬೇಕು. ಆಡಿವೆರಿಸ್ ಉಚಿತ, ಫೋಟೊಸ್ಕೋರ್ ಹಣದ್ದು. ಅಚ್ಚುಕಟ್ಟಾಗಿ ಮುದ್ರಿಸಿದ್ದನ್ನು ಚೆನ್ನಾಗಿ ಓದುತ್ತವೆ. ಮಸುಕಾದ ನಕಲು ಪ್ರತಿ, ಕೈಬರಹ ಎಂದರೆ ಎಡವುತ್ತವೆ. ಓದಿಸಿದ ಕೂಡಲೇ ಟ್ರಾನ್ಸ್‌ಪೋಸ್ ಮಾಡಬೇಡಿ. ಮೊದಲು ಮೂಲ ಕೀಯಲ್ಲೇ ಹಾಳೆಯ ಪಕ್ಕ ಇಟ್ಟು ತಪ್ಪು ತಿದ್ದಿ. ಕೀ ಬದಲಾದ ಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ಫಿನಾಲೆ ಎಂಬ ಹಳೆಯ ನೊಟೇಶನ್ ಸಾಫ್ಟ್‌ವೇರ್ ಬಳಸುತ್ತಿದ್ದವರಿಗೆ ಬೇರೆಯದೇ ಅವಸರ. ಅದರ ಅಭಿವೃದ್ಧಿ ನಿಲ್ಲಿಸುತ್ತಿದ್ದೇವೆ ಎಂದು ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟ್‌ನಲ್ಲಿ ಹೇಳಿತು. ಹಾಕಿಕೊಂಡ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದರೆ ಓಡಲಿ, ಆದರೆ ಮುಂದೆ ಬರುವ ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡುತ್ತದೆ ಎಂದು ನಂಬಿ ಕೂರಬೇಡಿ. ಅದು ತೆರೆಯುವಾಗಲೇ ಹಳೆಯ ಸ್ಕೋರ್‌ಗಳನ್ನೆಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ತೆಗೆದಿಡಿ. ಪ್ರತಿಯೊಂದರ ಪಿಡಿಎಫ್ ಕೂಡ ಪಕ್ಕದಲ್ಲಿರಲಿ. ಡೊರಿಕೊದಲ್ಲೋ ಮ್ಯೂಸ್‌ಸ್ಕೋರ್‌ನಲ್ಲೋ ತೆರೆದಾಗ ಯಾವ ಗುರುತು ಬಿಟ್ಟುಹೋಗಿದೆ ಎಂದು ಹಿಡಿಯಲು ಆ ಪಿಡಿಎಫ್ ಒಂದೇ ಆಧಾರ.